ಬೆರಳಿಗೆ ಹೊಸ ಓಣಿ: ಕೀಬೋರ್ಡ್ ಲೇಔಟ್ ಬದಲಿಸುವ ಮುನ್ನ

ಕಳೆದ ಬೇಸಿಗೆಯಲ್ಲಿ ಒಬ್ಬ ಹೋಟೆಲಿನವರು ದಾವಣಗೆರೆಯ ನಮ್ಮ ಡಿಟಿಪಿ ಅಂಗಡಿಗೆ ದರಪಟ್ಟಿ ಮಾಡಿಸಲು ಬಂದಿದ್ದರು. ಬೆಣ್ಣೆ ದೋಸೆ, ಖಾಲಿ ದೋಸೆ, ಮಂಡಕ್ಕಿ, ಮಿರ್ಚಿ. ಅಕ್ಕನ ಮಗಳು ಚಿತ್ರದುರ್ಗದಿಂದ ರಜೆಗೆ ಬಂದಿದ್ದಳು. ಪಕ್ಕದ ಕಂಪ್ಯೂಟರಿನಲ್ಲಿ ಕೂತು ಅವಳೂ ಅದೇ ಪಟ್ಟಿ ಟೈಪ್ ಮಾಡತೊಡಗಿದಳು. ನನ್ನದು ನುಡಿ ಕೀಲಿಮಣೆ, ಇಪ್ಪತ್ತು ವರ್ಷದ ಅಭ್ಯಾಸ. ಅವಳದು 'ಬರಹ' ಎಂಬ ತಂತ್ರಾಂಶದ ರೀತಿ. ಅಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಉಚ್ಚಾರ ಒತ್ತುತ್ತಾ ಹೋಗುವುದು, ಅದನ್ನು ಕಂಪ್ಯೂಟರ್ ಕನ್ನಡ ಮಾಡಿಕೊಳ್ಳುವುದು.

"ನಮ್ಮ ರೀತಿಯಲ್ಲಿ ಒತ್ತುವ ಕೀ ಕಡಿಮೆ. ನೀನೂ ಇದನ್ನೇ ಕಲಿ" ಎಂದೆ.

ಅವಳು ಬೆರಳು ಮಡಚಿ ಎಣಿಸಿದಳು. "ಬೆಣ್ಣೆ ಅನ್ನೋಕೆ ನಂಗೆ ಐದು ಸಲ, ನಿಂಗೆ ಆರು ಸಲ. ನಿಂದೇ ಜಾಸ್ತಿ ಐತಲ್ಲ ಮಾಮ?"

ಅವಳ ಲೆಕ್ಕ ಸರಿಯಾಗಿತ್ತು. ನಾನು ಅಲ್ಲಿಯವರೆಗೆ ಹಾಗೆ ಎಣಿಸಿ ನೋಡಿರಲಿಲ್ಲ. ಅವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಇಬ್ಬರೂ ಕೂತು ಒಂದೊಂದೇ ಪದ ಎಣಿಸಿದೆವು. ಕೀಬೋರ್ಡ್ ಲೇಔಟ್ ಬದಲಿಸಬೇಕೆ ಬೇಡವೆ ಎಂದು ನನ್ನನ್ನು ಕೇಳುವವರು ಬಹಳ ಜನ. ಅವರಿಗೆ ಹೇಳಬೇಕಾದದ್ದು ನನಗೇ ಸ್ಪಷ್ಟವಾದದ್ದು ಆ ಲೆಕ್ಕದಿಂದ.

ಸೈಟು ಅದೇ, ವಾಸ ಮಾಡುವವರು ಬೇರೆ

ಲೇಔಟ್ ಅಂದರೆ ನಮ್ಮೂರಲ್ಲಿ ಮೊದಲು ನೆನಪಾಗುವುದು ಸೈಟು. ಕೀಬೋರ್ಡಿಗೂ ಆ ಹೋಲಿಕೆ ಚೆನ್ನಾಗಿ ಹೊಂದುತ್ತದೆ. ಪ್ರತಿ ಕೀ ಒಂದು ಸೈಟು. ಅದು ಇದ್ದಲ್ಲೇ ಇರುತ್ತದೆ. ಅಲ್ಲಿ ಯಾವ ಅಕ್ಷರ ವಾಸ ಮಾಡಬೇಕು ಎಂದು ಹೇಳುವುದು ಲೇಔಟ್.

ನೀವು ಒಂದು ಕೀ ಒತ್ತಿದಾಗ ಕೀಬೋರ್ಡು ಕಂಪ್ಯೂಟರಿಗೆ ಕಳಿಸುವ ಸುದ್ದಿ ಇಷ್ಟೇ: "ನಡುಸಾಲಿನ ಎಂಟನೇ ಕೀ ಒತ್ತಿದರು." ಅದರ ಮೇಲೆ ಅಚ್ಚಾಗಿರುವ ಇಂಗ್ಲಿಷ್ 'ಕೆ' ನಮ್ಮ ಕಣ್ಣಿಗೆ ಮಾತ್ರ. ಆ ಎಂಟನೇ ಸೈಟಿನಲ್ಲಿ ನಮಗೆಲ್ಲ ರೂಢಿಯಾದ ಕ್ವೆರ್ಟಿ ಲೇಔಟಿನಲ್ಲಿ 'ಕೆ' ಇದೆ. ಡ್ವೊರಾಕ್ ಎಂಬ ಲೇಔಟಿನಲ್ಲಿ 'ಟಿ' ಇದೆ. ಕೋಲ್‌ಮ್ಯಾಕ್‌ನಲ್ಲಿ 'ಇ' ಇದೆ. ಕನ್ನಡದ ಲೇಔಟುಗಳಾದ ನುಡಿಯಲ್ಲೂ ಇನ್‌ಸ್ಕ್ರಿಪ್ಟಿನಲ್ಲೂ 'ಕ' ಇದೆ. ಲೇಔಟ್ ಬದಲಿಸಲು ಹೊಸ ಕೀಬೋರ್ಡು ಕೊಳ್ಳಬೇಕಿಲ್ಲ. ಸೆಟ್ಟಿಂಗಿನಲ್ಲಿ ಒಂದು ಆಯ್ಕೆ ಬದಲಾಯಿಸಿದರೆ ಇಡೀ ಬಡಾವಣೆಯ ವಾಸಿಗಳು ಒಂದು ಕ್ಷಣದಲ್ಲಿ ಮನೆ ಬದಲಿಸುತ್ತಾರೆ. ಕಷ್ಟ ಇರುವುದು ಬೆರಳಿಗೆ.

ಇಲ್ಲೊಂದು ಗೊಂದಲ ಮೊದಲೇ ಬಿಡಿಸಬೇಕು. ನಮ್ಮ ಕೆಲಸದಲ್ಲಿ "ನುಡಿ" ಎಂದರೆ ಮೂರು ಅರ್ಥ. ಕನ್ನಡ ಗಣಕ ಪರಿಷತ್ತು ಮಾಡಿದ ತಂತ್ರಾಂಶ ಒಂದು. ಅದರ ಜೊತೆ ಬರುವ ಫಾಂಟುಗಳು ಇನ್ನೊಂದು. ಅದರಲ್ಲಿ ಟೈಪ್ ಮಾಡುವ ಕೀಲಿಮಣೆ ಮೂರನೆಯದು. ಈ ಮೂರೂ ಬೇರೆ ಬೇರೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಲಗ್ನಪತ್ರಿಕೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಯಾಕೆಂದರೆ ಅಲ್ಲಿ ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ಫಾಂಟು ಅವುಗಳಿಗೆ ಕನ್ನಡದ ಆಕಾರ ತೊಡಿಸಿತ್ತು, ಅಷ್ಟೇ. ಇದು ಫಾಂಟಿನ ತೊಂದರೆ. ಕೀಲಿಮಣೆಯ ತಪ್ಪು ಇದರಲ್ಲಿ ಏನೂ ಇಲ್ಲ. "ನುಡಿ ಬಿಟ್ಟು ಯೂನಿಕೋಡಿಗೆ ಬರಬೇಕಂತೆ, ಹಾಗಾದ್ರೆ ಟೈಪಿಂಗ್ ಮತ್ತೆ ಮೊದಲಿಂದ ಕಲಿಬೇಕಾ?" ಎಂದು ಹೆದರಿಕೊಂಡು ಕೇಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬೇಡ. ಅದೇ ಕೀಲಿಮಣೆಯಲ್ಲಿ, ಅದೇ ಬೆರಳುಗಳಲ್ಲಿ ಯೂನಿಕೋಡ್ ಟೈಪ್ ಮಾಡಬಹುದು.

ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. 'ಕ' ಅಂದರೆ 3221. ಅರ್ಧಾಕ್ಷರದ ಚಿಹ್ನೆ '್' ಅಂದರೆ 3277. ನೀವು 'ಕ್ಕ' ಎಂದು ಬರೆದರೆ ಕಂಪ್ಯೂಟರ್ ಒಳಗೆ ಇಡುವುದು 3221, 3277, 3221. ಕಣ್ಣಿಗೆ ಒಂದೇ ಅಕ್ಷರ, ಒಳಗೆ ಮೂರು ಸಂಖ್ಯೆ. ಆ ನಡುವಿನ 3277 ಇದೆಯಲ್ಲ, ಅದು ಪರದೆಯ ಮೇಲೆ ಕಾಣುವುದೇ ಇಲ್ಲ. ಆದರೆ ಅದಿಲ್ಲದೆ ಒತ್ತಕ್ಷರ ಆಗುವುದಿಲ್ಲ. ಬೆಣ್ಣೆಯ ಲೆಕ್ಕ ತಿಳಿಯಬೇಕಾದರೆ ಇದನ್ನು ನೆನಪಿಡಬೇಕು.

ಒತ್ತಿಗೆ ಯಾರು ಬೆಲೆ ಕೊಡುತ್ತಾರೆ, 'ಅ'ಗೆ ಯಾರು

ನಾವು ನುಡಿ ಕೀಲಿಮಣೆ ಅನ್ನುವುದು ಮೂಲತಃ ಕೆ.ಪಿ. ರಾವ್ ಅವರ ವಿನ್ಯಾಸ. ತಮ್ಮ 'ಸೇಡಿಯಾಪು' ತಂತ್ರಾಂಶಕ್ಕೆ ಅವರು ಮಾಡಿದ್ದು. ಆಮೇಲೆ ಕರ್ನಾಟಕ ಸರ್ಕಾರ ಅದನ್ನೇ ಸ್ವಲ್ಪ ತಿದ್ದಿ ಅಧಿಕೃತ ಮಾಡಿಕೊಂಡಿತು. ಅದಕ್ಕೆ ಕಗಪ ಎಂದೂ ಹೆಸರು. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ನನ್ನ ಮಟ್ಟಿಗೆ ಕನ್ನಡಕ್ಕೆ ಕಂಪ್ಯೂಟರ್ ಕಾಲದಲ್ಲಿ ಸಿಕ್ಕ ದೊಡ್ಡ ಉಡುಗೊರೆಗಳಲ್ಲಿ ಇದೊಂದು.

ಅದರ ಬುದ್ಧಿವಂತಿಕೆ ಇರುವುದು ಇಲ್ಲಿ. ಕನ್ನಡದ ವ್ಯಂಜನದಲ್ಲಿ 'ಅ' ಮೊದಲೇ ಸೇರಿಕೊಂಡಿದೆ. 'ಕ' ಎಂದು ಬರೆಯುವಾಗ ನಾವು ಬೇರೆಯಾಗಿ 'ಅ' ಬರೆಯುವುದಿಲ್ಲ. ಕಗಪ ಕೂಡ ಹಾಗೇ. 'ಕೆ' ಒತ್ತಿದರೆ ಪೂರ್ತಿ 'ಕ' ಬರುತ್ತದೆ. 'ಕಮಲ' ಅನ್ನಲು 3 ಕೀ ಸಾಕು. ಬರಹ ರೀತಿಯಲ್ಲಿ ಪ್ರತಿ ವ್ಯಂಜನದ ನಂತರ ಒಂದು ಇಂಗ್ಲಿಷ್ 'ಎ' ಒತ್ತಬೇಕು, ಹಾಗಾಗಿ 6 ಕೀ. ನಗರ, ಜಗಳ, ಸರಳ ಎಲ್ಲದಕ್ಕೂ ಇದೇ ಕಥೆ, 3ಕ್ಕೆ 6. (ಶಿಫ್ಟ್ ಕೀಯನ್ನು ನಾನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಅದರ ಮಾತು ಮುಂದೆ ಬರುತ್ತದೆ.)

ಒತ್ತಕ್ಷರ ಬಂದಾಗ ತಕ್ಕಡಿ ಆ ಕಡೆ ವಾಲುತ್ತದೆ. ಕಗಪದಲ್ಲಿ 'ಕ್ಕ' ಬೇಕಾದರೆ 'ಕೆ', 'ಎಫ್', 'ಕೆ'. ನಡುವಿನ 'ಎಫ್' ಅರ್ಧಾಕ್ಷರದ ಕೀ. ಆ ಕಾಣದ 3277 ಇದೆಯಲ್ಲ, ಅದನ್ನು ನಾವೇ ಕೈಯಾರೆ ಒತ್ತುತ್ತೇವೆ. ಅಂಗಡಿಯಲ್ಲಿ ಹೊಸಬರಿಗೆ "ಎಫ್ ಹೊಡೆದು ಒತ್ತು ಕೊಡು" ಎಂದು ಹೇಳಿಕೊಡುವುದು ಇದನ್ನೇ. ಬರಹ ರೀತಿಯಲ್ಲಿ ಎರಡು ವ್ಯಂಜನ ಪಕ್ಕಪಕ್ಕ ಬಂದರೆ ತಂತ್ರಾಂಶವೇ ನಡುವೆ ಅರ್ಧಾಕ್ಷರ ಇಟ್ಟುಕೊಳ್ಳುತ್ತದೆ. ಅಲ್ಲಿ ಒತ್ತು ಪುಕ್ಕಟೆ, 'ಅ'ಗೆ ಬೆಲೆ. ಇಲ್ಲಿ 'ಅ' ಪುಕ್ಕಟೆ, ಒತ್ತಿಗೆ ಬೆಲೆ.

ಬೆಣ್ಣೆಯಲ್ಲಿ ಬಿಡಿ 'ಅ' ಒಂದೂ ಇಲ್ಲ, ಒತ್ತು ಇದೆ. ಅದಕ್ಕೇ ಅವಳಿಗೆ 5, ನನಗೆ 6. ಮಿರ್ಚಿಯಲ್ಲೂ ಹಾಗೇ, 5 ಮತ್ತು 6. ಮಂಡಕ್ಕಿಯಲ್ಲಿ ಎರಡೂ ಇವೆ. ನನಗೆ 7, ಅವಳಿಗೆ 8. 'ದಾವಣಗೆರೆ' ನನಗೆ 8, ಅವಳಿಗೆ 10. 'ಚಿತ್ರದುರ್ಗ' ಮಾತ್ರ ಇಬ್ಬರಿಗೂ ಸರಿಯಾಗಿ 10. ಅಲ್ಲಿ ಎರಡು ಒತ್ತು ಇವೆ, ಎರಡು 'ಅ' ಇವೆ. ತಮ್ಮೂರಿನ ಹೆಸರು ಸಮ ಬಂದದ್ದು ನೋಡಿ ಹುಡುಗಿಗೆ ಬಹಳ ಖುಷಿಯಾಯಿತು.

ಒಟ್ಟಿನಲ್ಲಿ ಲಾಭ ಯಾರಿಗೆ? ಒತ್ತಿಲ್ಲದ ಬಿಡಿ ವ್ಯಂಜನಗಳು ಕನ್ನಡದ ಸಾಲಿನಲ್ಲಿ ಧಾರಾಳವಾಗಿ ಬರುತ್ತವೆ. ಯಾವುದಾದರೂ ಒಂದು ಅರ್ಜಿ ತೆಗೆದುಕೊಂಡು ಎಣಿಸಿ ನೋಡಿ, ಕಗಪ ಮುಂದೆ ಇರುತ್ತದೆ. ಆದರೆ ನಾನು ಮೊದಲು ಅಂದುಕೊಂಡಿದ್ದಷ್ಟು ದೊಡ್ಡ ಅಂತರ ಅಲ್ಲ. ವೇಗವೊಂದೇ ಆಸೆಯಾಗಿದ್ದರೆ ಬದಲಿಸುವ ಮುನ್ನ ನಿಮ್ಮದೇ ಬರಹದ ಒಂದು ಪುಟ ತೆಗೆದು ಎಣಿಸಿ.

ಎಣಿಸಿ ನೋಡಿದ ಮೇಲೂ ನಾನು ಅವಳಿಗೆ ಬದಲಿಸು ಎಂದದ್ದು ಬೇರೆ ಕಾರಣಕ್ಕೆ. ಕಗಪದಲ್ಲಿ ಬೆರಳು ಒತ್ತುವುದೂ ಕಂಪ್ಯೂಟರ್ ಇಟ್ಟುಕೊಳ್ಳುವುದೂ ಒಂದೇ. 'ದಾವಣಗೆರೆ'ಗೆ 8 ಕೀ ಒತ್ತಿದರೆ ಒಳಗೆ 8 ಸಂಖ್ಯೆ. ನಡುವೆ ಊಹೆ ಇಲ್ಲ. ಬರಹ ರೀತಿಯಲ್ಲಿ ಅಕ್ಷರ ಕಣ್ಣೆದುರೇ ಬದಲಾಗುತ್ತಿರುತ್ತದೆ. 'ಕೆ' ಒತ್ತಿದಾಗ 'ಕ್' ಬಂದು, 'ಎ' ಒತ್ತಿದ ಮೇಲೆ 'ಕ' ಆಗುತ್ತದೆ. ತಲೆಯಲ್ಲಿ ಕನ್ನಡದ ಪದ ಮೊದಲು ಇಂಗ್ಲಿಷ್ ಕಾಗುಣಿತಕ್ಕೆ ಹೋಗಿ, ಅಲ್ಲಿಂದ ಬೆರಳಿಗೆ ಇಳಿಯಬೇಕು. ದಿನಕ್ಕೆ ನಾಲ್ಕು ಸಾಲು ಬರೆಯುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಅವರು ಸುಮ್ನೆ ಇದ್ದದ್ದರಲ್ಲೇ ಇರಲಿ. ಆದರೆ ಅಕ್ಕನ ಮಗಳಿಗೆ ಬರೆಯುವ ಹುಚ್ಚಿದೆ. ದಿನಾ ಪುಟಗಟ್ಟಲೆ ಕನ್ನಡ ಬರೆಯುವವಳ ಬೆರಳು ನೇರವಾಗಿ ಕನ್ನಡವನ್ನೇ ಮುಟ್ಟಬೇಕು ಎಂದು ನನಗೆ ಅನ್ನಿಸಿತು.

ಇನ್‌ಸ್ಕ್ರಿಪ್ಟ್: ಎಲ್ಲ ಭಾಷೆಗೂ ಒಂದೇ ನಕ್ಷೆ

ವಿಂಡೋಸಿನಲ್ಲಿ ಕನ್ನಡ ಸೇರಿಸಿದ ಕೂಡಲೇ ಸಾಮಾನ್ಯವಾಗಿ ಬರುವುದು ಇನ್‌ಸ್ಕ್ರಿಪ್ಟ್. ಇದನ್ನು ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಗೊತ್ತುಮಾಡಿತು. 1991ರ ಭಾರತೀಯ ಮಾನಕದಲ್ಲೂ ಅದು ಸೇರಿತು. ಹಿಂದಿ, ತೆಲುಗು, ಮಲಯಾಳ, ಕನ್ನಡ ಎಲ್ಲಕ್ಕೂ ಒಂದೇ ನಕ್ಷೆ. ಕನ್ನಡದ 'ಕ' ಇರುವ ಜಾಗದಲ್ಲೇ ಹಿಂದಿಯ 'ಕ' ಕೂಡ ಇರುತ್ತದೆ. ಸ್ವರಗಳು ಮತ್ತು ಗುಣಿತದ ಚಿಹ್ನೆಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ.

ಇದರಿಂದ ಕೈಗಳು ಸರದಿಯಲ್ಲಿ ಕೆಲಸ ಮಾಡುತ್ತವೆ. 'ಹುಲಿ' ತೆಗೆದುಕೊಳ್ಳಿ. ಕಗಪದಲ್ಲಿ ಅದರ ನಾಲ್ಕೂ ಕೀ ಬಲಗೈಯವೇ, ಎಡಗೈ ಸುಮ್ಮನೆ ಕೂತಿರುತ್ತದೆ. ಇನ್‌ಸ್ಕ್ರಿಪ್ಟಿನಲ್ಲಿ ಬಲ, ಎಡ, ಬಲ, ಎಡ. ಒಂದು ಕೈ ಒತ್ತುವಾಗ ಇನ್ನೊಂದು ಕೈ ಮುಂದಿನ ಕೀಗೆ ಸಿದ್ಧವಾಗುತ್ತದೆ. 'ಾ' ಚಿಹ್ನೆಗೆ ಶಿಫ್ಟ್ ಕೂಡ ಬೇಕಿಲ್ಲ. ಕಗಪದಲ್ಲಿ ದೀರ್ಘ ಬಂದಾಗಲೆಲ್ಲ ಶಿಫ್ಟ್ ಹಿಡಿಯಬೇಕು, 'ಣ', 'ಳ' ಬಂದರೂ ಹಿಡಿಯಬೇಕು. ಕಿರುಬೆರಳಿಗೆ ಅದು ದೊಡ್ಡ ಹೊರೆ.

ಹಾಗಂತ ಇನ್‌ಸ್ಕ್ರಿಪ್ಟ್ ಕನ್ನಡಕ್ಕೆ ಹೇಳಿ ಮಾಡಿಸಿದ್ದಲ್ಲ. ಹ್ರಸ್ವ 'ಎ' ಕಾರ ಹಿಂದಿಗೆ ಬೇಕಾಗುವುದು ಅಪರೂಪ. ನಕ್ಷೆಯಲ್ಲಿ ಅದರ ಚಿಹ್ನೆ 'ೆ' ಸಿಕ್ಕಿರುವುದು ಕೆಳಸಾಲಿನ ಎಡತುದಿಗೆ, 'ಜೆಡ್' ಇರುವಲ್ಲಿ. ಎಡಗೈ ಕಿರುಬೆರಳು ಕೆಳಗೆ ಬಾಗಿ ಒತ್ತಬೇಕು. ಕನ್ನಡದಲ್ಲಿ ಮನೆ, ಕೆರೆ, ಇದೆ, ದೋಸೆ, ಬೆಣ್ಣೆ... ಎಷ್ಟು ಸಲ ಬರುತ್ತದೆ ನೋಡಿ! 'ದಾವಣಗೆರೆ' ಅಂತ ಊರ ಹೆಸರು ಹೇಳುವಷ್ಟರಲ್ಲೇ ಆ ಬೆರಳು ಎರಡು ಸಲ ಬಾಗಬೇಕು. 'ೊ' ಚಿಹ್ನೆಯಂತೂ ಇನ್ನೂ ದೂರ, ಒಂದನೇ ಅಂಕಿಯ ಎಡಕ್ಕಿರುವ ಮೂಲೆಯ ಕೀಯಲ್ಲಿ. ಕೊಡು, ಹೊಲ, ಗೊಬ್ಬರ ಎಲ್ಲಕ್ಕೂ ಅಲ್ಲಿಗೆ ಹೋಗಿ ಬರಬೇಕು. ನಮ್ಮ ಅಂಗಡಿಯಲ್ಲಿ ದಿನಾ ಬರುವ 'ಮನವಿ' ಅನ್ನುವ ಪದ ಇದೆಯಲ್ಲ, ಅದರ ನಾಲ್ಕೂ ಕೀ ಎಡಗೈಗೇ ಬೀಳುತ್ತವೆ. ಅದರಲ್ಲಿ ಮೂರು ಕೆಳಸಾಲಿನವು.

ಎರಡು ಮೂರು ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡಬೇಕಾದವರಿಗೆ ನಾನು ಇನ್‌ಸ್ಕ್ರಿಪ್ಟನ್ನೇ ಹೇಳುತ್ತೇನೆ. ಒಂದು ಸಲ ಕಲಿತರೆ ಎಲ್ಲ ಕಡೆ ನಡೆಯುತ್ತದೆ. ಬರೀ ಕನ್ನಡದವರಿಗೆ ಕಗಪ ಸಾಕು. ಪರೀಕ್ಷೆಗೆ ಕೂರುವವರು ಅಲ್ಲಿ ಯಾವ ಲೇಔಟ್ ಕೊಡುತ್ತಾರೆ ಎಂದು ಪ್ರಕಟಣೆಯಲ್ಲಿ ಮೊದಲೇ ನೋಡಿಕೊಂಡು, ಅದನ್ನೇ ಕಲಿಯಬೇಕು. ಅಲ್ಲಿ ನಮ್ಮ ಇಷ್ಟ ನಡೆಯುವುದಿಲ್ಲ.

ಇಂಗ್ಲಿಷಿನ ಕಡೆ

ಇಂಗ್ಲಿಷಿಗೆ ಲೇಔಟ್ ಬದಲಿಸುವವರ ಕಥೆ ಸ್ವಲ್ಪ ಬೇರೆ. ಕ್ವೆರ್ಟಿ ಹುಟ್ಟಿದ್ದು ಅಮೆರಿಕದ ಮಿಲ್ವಾಕೀ ಊರಿನ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಜೊತೆಗಾರರ ಟೈಪ್‌ರೈಟರಿನಿಂದ. ರೆಮಿಂಗ್ಟನ್ ಕಂಪನಿ ಅದನ್ನು 1874ರಲ್ಲಿ ಮಾರಾಟಕ್ಕೆ ತಂದಿತು. ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳಬಾರದು ಎಂದು ಹೀಗೆ ಜೋಡಿಸಿದರು ಅನ್ನುವುದು ಎಲ್ಲರೂ ಹೇಳುವ ಮಾತು. ತಂತಿ ಕಚೇರಿಯವರ ಅನುಕೂಲಕ್ಕೆ ಇದು ಹೀಗೆ ಬೆಳೆಯಿತು ಎಂದು ವಾದಿಸುವ ಜಪಾನಿನ ಸಂಶೋಧಕರೂ ಇದ್ದಾರೆ. ಏನೇ ಇರಲಿ, ನಡುಸಾಲು ಅಂದರೆ ಬೆರಳುಗಳ ಮನೆ. ಆ ಮನೆಯಲ್ಲಿ ಕ್ವೆರ್ಟಿ 'ಜೆ', 'ಕೆ' ತರಹ ಇಂಗ್ಲಿಷಿಗೆ ಕಡಿಮೆ ಬೇಕಾಗುವ ಅಕ್ಷರ ಇಟ್ಟಿದೆ. ಅತಿ ಹೆಚ್ಚು ಬರುವ 'ಇ', 'ಟಿ', 'ಒ', 'ಐ' ನಾಲ್ಕೂ ಮೇಲ್ಸಾಲಿನಲ್ಲಿವೆ.

ಇದನ್ನು ಸರಿಮಾಡಲು ಆಗಸ್ಟ್ ಡ್ವೊರಾಕ್ ಮತ್ತು ವಿಲಿಯಂ ಡೀಲಿ 1936ರಲ್ಲಿ ಹೊಸ ಲೇಔಟಿಗೆ ಪೇಟೆಂಟ್ ಪಡೆದರು. ಸ್ವರಗಳೆಲ್ಲ ಎಡಗೈಯ ನಡುಸಾಲಿಗೆ ಬಂದವು, ಹೆಚ್ಚು ಬಳಸುವ ವ್ಯಂಜನಗಳು ಬಲಗೈಗೆ. 2006ರಲ್ಲಿ ಶೈ ಕೋಲ್ಮನ್ ಕೋಲ್‌ಮ್ಯಾಕ್ ಬಿಡುಗಡೆ ಮಾಡಿದರು. ಅದು 17 ಕೀಗಳನ್ನು ಮಾತ್ರ ಬದಲಿಸುತ್ತದೆ. ಕಟ್, ಕಾಪಿ, ಪೇಸ್ಟ್, ಅನ್‌ಡೂ ಮಾಡುವ ನಾಲ್ಕು ಕೀ ಇದ್ದಲ್ಲೇ ಉಳಿಯುತ್ತವೆ. ದಿನವಿಡೀ ಕಂಟ್ರೋಲ್ ಹಿಡಿದೇ ಬದುಕುವ ಡಿಟಿಪಿಯವರಿಗೆ ಇದು ಸಣ್ಣ ಮಾತಲ್ಲ. ಡ್ವೊರಾಕಿನಲ್ಲಿ ಕಾಪಿ, ಪೇಸ್ಟ್ ಎರಡೂ ಬಲಗೈ ಕಡೆಗೆ ಹೋಗಿಬಿಡುತ್ತವೆ.

ವೇಗ ಹೆಚ್ಚುತ್ತದೆಯೇ? ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ನೌಕಾಪಡೆ ಮಾಡಿದ ಪರೀಕ್ಷೆ ಡ್ವೊರಾಕನ್ನು ಹೊಗಳಿತು. ಅದರಲ್ಲಿ ಡ್ವೊರಾಕ್ ಅವರ ಕೈಯೂ ಇತ್ತು ಎಂಬ ಆಕ್ಷೇಪ ಆಮೇಲೆ ಬಂತು. 1956ರಲ್ಲಿ ಅಲ್ಲಿನ ಸರ್ಕಾರಕ್ಕಾಗಿ ಅರ್ಲ್ ಸ್ಟ್ರಾಂಗ್ ಮಾಡಿದ ಪರೀಕ್ಷೆಯಲ್ಲಿ, ಬದಲಿಸುವ ಖರ್ಚಿಗೆ ತಕ್ಕ ಲಾಭ ಕಾಣಲಿಲ್ಲ. ನನ್ನ ಅನುಭವವೂ ವೇಗಕ್ಕೆ ಬದಲಿಸಬೇಡಿ ಎಂದೇ ಹೇಳುತ್ತದೆ. ಇಂಗ್ಲಿಷ್ ಕೆಲಸ ಜಾಸ್ತಿಯಾಗಿ ಮಣಿಕಟ್ಟು ನೋಯತೊಡಗಿದಾಗ ಎರಡು ವರ್ಷದ ಹಿಂದೆ ನಾನು ಮನೆಯ ಕಂಪ್ಯೂಟರಿನಲ್ಲಿ ಕೋಲ್‌ಮ್ಯಾಕ್ ಹಾಕಿಕೊಂಡೆ. ಹಳೆಯ ವೇಗ ಮರಳಲು ಎರಡು ತಿಂಗಳು ಬೇಕಾಯಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಆದರೆ ಬೆರಳು ಮೇಲೆ ಕೆಳಗೆ ಜಿಗಿಯುವುದು ಕಡಿಮೆಯಾಯಿತು, ಕೈಗೆ ಅದು ಗೊತ್ತಾಗುತ್ತದೆ. ನೋವಿಗೆ ಲೇಔಟೇ ಮದ್ದು ಎಂದು ಮಾತ್ರ ತಿಳಿಯಬೇಡಿ. ಕುರ್ಚಿಯ ಎತ್ತರ, ನಡುವೆ ಬಿಡುವು, ಬೇಕಾದರೆ ವೈದ್ಯರು, ಇವು ಮೊದಲು.

ಕನ್ನಡದವರು ಇಲ್ಲಿ ಎಚ್ಚರವಾಗಿರಬೇಕಾದ ಒಂದು ಜಾಗ ಇದೆ. ಕಗಪ ನಿಂತಿರುವುದೇ ಕ್ವೆರ್ಟಿಯ ಮೇಲೆ. 'ಕೆ' ಇರುವಲ್ಲಿ 'ಕ', 'ಎಂ' ಇರುವಲ್ಲಿ 'ಮ'. ನೀವು ಇಂಗ್ಲಿಷನ್ನು ಕೋಲ್‌ಮ್ಯಾಕಿಗೆ ಬದಲಿಸಿದರೆ 'ಕೆ' ಅಕ್ಷರ ಕೆಳಸಾಲಿಗೆ, ಮೊದಲು 'ಎನ್' ಇದ್ದ ಸೈಟಿಗೆ ಹೋಗುತ್ತದೆ. ಆಗ ಕನ್ನಡದ 'ಕ' ಎಲ್ಲಿರಬೇಕು? ಕೆಲವು ತಂತ್ರಾಂಶಗಳು ಅಕ್ಷರವನ್ನು ನೋಡುತ್ತವೆ. ಅಲ್ಲಿ 'ಕ' ಕೂಡ 'ಕೆ' ಹಿಂದೆಯೇ ಮನೆ ಬದಲಿಸುತ್ತದೆ, ಇಪ್ಪತ್ತು ವರ್ಷದ ಕನ್ನಡದ ಅಭ್ಯಾಸ ಒಂದೇ ಏಟಿಗೆ ಚೆಲ್ಲಾಪಿಲ್ಲಿ. ಇನ್ನು ಕೆಲವು ಸೈಟನ್ನು ನೋಡುತ್ತವೆ. ಕಂಪ್ಯೂಟರಿನ ಭಾಷಾ ಪಟ್ಟಿಯಲ್ಲಿ ಕನ್ನಡವನ್ನು ಬೇರೆಯೇ ಲೇಔಟ್ ಆಗಿ ಸೇರಿಸಿಕೊಂಡರೆ ಹೀಗೆ. ಇಂಗ್ಲಿಷ್ ಎಲ್ಲಿಗೆ ಹೋದರೂ 'ಕ' ಇದ್ದಲ್ಲೇ ಇರುತ್ತದೆ. ಎರಡನೆಯದನ್ನೇ ಆರಿಸಿಕೊಳ್ಳಿ. ಲಿನಕ್ಸಿನ ಪಟ್ಟಿಯಲ್ಲಿ ಕಗಪ ಆ ಹೆಸರಿನಲ್ಲೇ ಸಿಗುತ್ತದೆ. ಇನ್‌ಸ್ಕ್ರಿಪ್ಟಿನವರಿಗೆ ಈ ತಲೆನೋವು ಇಲ್ಲವೇ ಇಲ್ಲ. ಅದು ಇಂಗ್ಲಿಷಿನ ಹೆಸರು ಹಿಡಿದು ಬೆಳೆದದ್ದಲ್ಲ.

ಬೆರಳಿನ ನೆನಪು

ಬದಲಿಸುವಾಗ ಏನಾಗುತ್ತದೆ ಎಂದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಟೈಪಿಂಗ್ ಬಲ್ಲವರನ್ನು "ಕೆಳಸಾಲಿನ ನಾಲ್ಕನೇ ಕೀ ಯಾವುದು?" ಎಂದು ಕೇಳಿ. ತಕ್ಷಣ ಹೇಳಲಾರರು, ಗಾಳಿಯಲ್ಲಿ ಬೆರಳಾಡಿಸಿ ಹೇಳುತ್ತಾರೆ. ಆ ನೆನಪು ಮಾತಿನಲ್ಲಿ ಇಲ್ಲ, ಚಲನೆಯಲ್ಲಿದೆ. ಹೊಸ ಲೇಔಟಿನ ನಕ್ಷೆಯನ್ನು ಬಾಯಿಪಾಠ ಮಾಡಿದರೆ ಬೆರಳಿಗೆ ಬರುವುದಿಲ್ಲ. ಹಳೆಯ ಚಲನೆ ಮೊದಲು ಏಳುತ್ತದೆ, ಅದನ್ನು ತಡೆದು ಹೊಸದನ್ನು ಮಾಡಬೇಕು. ಆ ತಡೆಯುವ ಕೆಲಸವೇ ಆಯಾಸ ತರುವುದು.

ಅದಕ್ಕೇ ಎರಡು ಲೇಔಟ್ ಎಷ್ಟು ಒಂದೇ ತರಹ ಇವೆಯೋ ಅಷ್ಟು ತಪ್ಪುಗಳಾಗುತ್ತವೆ. ಅಕ್ಕನ ಮಗಳಿಗೆ 'ಕ', 'ಮ', 'ಲ' ಹೊಸದಾಗಿ ಕಲಿಯುವುದೇ ಇರಲಿಲ್ಲ. ಅವಳನ್ನು ಕಾಡಿದ್ದು ಮೂರು. ಮೊದಲನೆಯದು, ಅಭ್ಯಾಸಬಲದಿಂದ ವ್ಯಂಜನದ ಹಿಂದೆ 'ಎ' ಒತ್ತಿ, ಪದದ ನಡುವೆ 'ಅ' ನುಸುಳುವುದು. ಎರಡನೆಯದು, ಒತ್ತಿಗೆ ಮುಂಚೆ 'ಎಫ್' ಮರೆಯುವುದು. ಮೂರನೆಯದು ಎಲ್ಲಕ್ಕಿಂತ ಹಟಮಾರಿ. ಬರಹ ರೀತಿಯಲ್ಲಿ ಶಿಫ್ಟ್ ಹಿಡಿದು 'ಡಿ' ಒತ್ತಿದರೆ 'ಡ', 'ಟಿ' ಒತ್ತಿದರೆ 'ಟ'. ಕಗಪದಲ್ಲಿ ಅದೇ ಜಾಗದಲ್ಲಿ 'ಧ' ಮತ್ತು 'ಥ' ಇವೆ. 'ಡ' ಹೋಗಿ 'ಡಬ್ಲ್ಯು' ಸೈಟಿನಲ್ಲಿದೆ, 'ಟ' ಹೋಗಿ 'ಕ್ಯೂ' ಸೈಟಿನಲ್ಲಿದೆ. ಮೊದಲ ವಾರ ಅವಳ ಡಬ್ಬಿ 'ಧಬ್ಬಿ'ಯಾಯಿತು, ತೋಟ 'ತೋಥ'ವಾಯಿತು.

ನಾವು ಮಾಡಿಕೊಂಡ ಕ್ರಮ ಹೀಗಿತ್ತು. ದಿನಕ್ಕೆ ಇಪ್ಪತ್ತು ನಿಮಿಷ, ಬೆಳಿಗ್ಗೆ. ಆ ಹೊತ್ತಿನಲ್ಲಿ ಹೊಸದು ಮಾತ್ರ. ಉಳಿದ ಕೆಲಸ ಹಳೆಯದರಲ್ಲೇ ನಡೆಯಲಿ, ಇಲ್ಲದಿದ್ದರೆ ಅರ್ಜಿಗೆ ಕಾದು ನಿಂತವರ ಮುಂದೆ ಬೇಸರವಾಗಿ ಕೈಬಿಡುತ್ತೇವೆ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಬಾರದು. ಕೀಗಳ ಮೇಲೆ ಸ್ಟಿಕ್ಕರ್ ಬೇಡ ಎಂದೆ. ಸ್ಟಿಕ್ಕರ್ ಇದ್ದರೆ ಕಣ್ಣು ಕೆಳಗಿಳಿಯುತ್ತದೆ. ನಕ್ಷೆಯನ್ನು ಅಚ್ಚು ಹಾಕಿ ಪರದೆಯ ಪಕ್ಕ ಅಂಟಿಸಿದೆವು. ತೋರುಬೆರಳುಗಳಿಗೆ ಜಾಗ ಗೊತ್ತಾಗಲಿ ಎಂದು 'ಎಫ್' ಮತ್ತು 'ಜೆ' ಕೀಗಳ ಮೇಲೆ ಸಣ್ಣ ಉಬ್ಬು ಇರುತ್ತದಲ್ಲ, ಅದೇ ಕೈಯ ಹೊಸ್ತಿಲು. ಕಗಪದಲ್ಲಿ ಒತ್ತಿನ ಕೀ ಆ ಉಬ್ಬಿನ ಮೇಲೇ ಇದೆ. ಅಷ್ಟು ಬೇಕಾಗುವ ಕೀಯನ್ನು ಬೆರಳು ಕದಲದಂತೆ ಇಟ್ಟವರಿಗೆ ನಾನು ಕೈ ಮುಗಿಯುತ್ತೇನೆ.

ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ 'ಎ ಎಸ್ ಡಿ ಎಫ್' ಎಂದು ಅರ್ಥವಿಲ್ಲದ್ದನ್ನೇ ಹೊಡೆಸುತ್ತಿದ್ದರು. ಕಗಪದ ನಡುಸಾಲಿನಲ್ಲಿ ನಿಜವಾದ ಪದಗಳೇ ಸಿಗುತ್ತವೆ. ಹಾಗಾಗಿ ಅವಳಿಗೆ ನಾನೇ ಒಂದು ಹಾಳೆ ಮಾಡಿಕೊಟ್ಟೆ. ಮೊದಲ ಸಾಲು: ಜಲ, ಗಜ, ಸಹಜ, ಕಲಹ. ಎರಡನೇ ಸಾಲಿನಲ್ಲಿ ಒತ್ತು: ಅಕ್ಕ, ಹಗ್ಗ, ಗಲ್ಲ, ಗದ್ದಲ. ಮೂರನೇ ಸಾಲಿಗೆ ಶಿಫ್ಟ್: ಕಾಲ, ಸಾಲ, ಗಾಳ. ಇಷ್ಟೂ ಬೆರಳು ನಡುಸಾಲು ಬಿಡದೆ ಬರುವ ಪದಗಳು. ಇವು ಕೂತ ಮೇಲೆ ಮೇಲ್ಸಾಲು: ತುಟಿ, ತೋಟ, ಪೇಟೆ, ಒಡೆಯ. 'ಟ', 'ಡ' ಎರಡೂ ಅಲ್ಲೇ ಪಳಗುತ್ತವೆ. ಶಿಫ್ಟನ್ನು ಯಾವಾಗಲೂ ಎದುರು ಕೈಯಲ್ಲಿ ಹಿಡಿಯಬೇಕು. 'ಾ' ಬೇಕಾದರೆ ಎಡಗೈ 'ಎ' ಒತ್ತುವಾಗ ಬಲಗೈ ಶಿಫ್ಟ್ ಹಿಡಿಯಬೇಕು. ಎರಡನ್ನೂ ಎಡಗೈಯಲ್ಲೇ ಮಾಡುವವರ ಕಿರುಬೆರಳು ಸಂಜೆ ಹೊತ್ತಿಗೆ ಸೋತುಹೋಗುತ್ತದೆ.

ವೇಗ ಅಳೆಯುವುದನ್ನು ಮೊದಲ ಮೂರು ವಾರ ಮುಟ್ಟಲೇಬಾರದು. ತಪ್ಪಿಲ್ಲದೆ ನಿಧಾನಕ್ಕೆ ಒತ್ತಿದ ಚಲನೆ ಕೂರುತ್ತದೆ. ಅವಸರದಲ್ಲಿ ತಪ್ಪು ಒತ್ತಿ ಅಳಿಸುತ್ತಾ ಹೋದರೆ ತಪ್ಪೇ ಅಭ್ಯಾಸವಾಗುತ್ತದೆ. ಎರಡನೇ ವಾರದ ಹೊತ್ತಿಗೆ ಒಂದು ಗಳಿಗೆ ಬರುತ್ತದೆ: ಹಳೆಯದೂ ತಡವರಿಸುತ್ತದೆ, ಹೊಸದೂ ಬರುವುದಿಲ್ಲ. ಬಹಳ ಜನ ಬಿಡುವುದು ಅಲ್ಲೇ. ನನಗೂ ಕೋಲ್‌ಮ್ಯಾಕಿನಲ್ಲಿ ಹಾಗಾಗಿತ್ತು. ಅದು ಕೆಟ್ಟ ಲಕ್ಷಣ ಅಲ್ಲ. ಹೊಸ ನೆನಪು ಹಳೆಯದಕ್ಕೆ ಅಡ್ಡ ಬರುವಷ್ಟು ಬೆಳೆದಿದೆ ಎಂದು ಅರ್ಥ.

ಪಾಸ್‌ವರ್ಡಿನ ಬಗ್ಗೆ ಒಂದು ಮಾತು. ಪಾಸ್‌ವರ್ಡ್ ಬರೆಯುವಾಗ ಅಕ್ಷರ ಕಾಣುವುದಿಲ್ಲ, ಬರೀ ಚುಕ್ಕಿ. ಹೊಸ ಲೇಔಟ್ ಹಾಕಿದ ಮೇಲೆ ಹಳೆಯ ಬೆರಳಭ್ಯಾಸದಲ್ಲಿ ಒತ್ತಿದರೆ ಬೇರೆಯೇ ಅಕ್ಷರ ಹೋಗುತ್ತದೆ. ಕಂಪ್ಯೂಟರ್ ತೆರೆಯುವ ಮೊದಲ ಪರದೆಯಲ್ಲಿ ಯಾವ ಲೇಔಟ್ ಇದೆ ಎಂದು ಮೂಲೆಯಲ್ಲಿ ನೋಡಿಕೊಳ್ಳಿ. ನಾಲ್ಕು ಜನ ಬಳಸುವ ಕಂಪ್ಯೂಟರಿನಲ್ಲಿ ನಿಮ್ಮ ಲೇಔಟ್ ಬಿಟ್ಟು ಏಳಬೇಡಿ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಲೇಔಟ್ ಬದಲಾಗುತ್ತದೆ. ಎದ್ದು ಹೋಗುವಾಗ ಹಳೆಯದಕ್ಕೆ ತಿರುಗಿಸಿ ಹೋಗುವುದು ಒಳ್ಳೆಯದು. ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಇಂಗ್ಲಿಷಿಗೆ ಇವತ್ತಿಗೂ ಕ್ವೆರ್ಟಿಯೇ. ಕೋಲ್‌ಮ್ಯಾಕ್ ಮನೆಯಲ್ಲಿ. ಎರಡು ಜಾಗ, ಎರಡು ಅಭ್ಯಾಸ ಎಂದು ಕೈ ತಾನೇ ವಿಂಗಡಿಸಿಕೊಂಡಿದೆ.

ಅಕ್ಕನ ಮಗಳು ರಜೆ ಮುಗಿಸಿ ಊರಿಗೆ ಹೋಗುವಾಗ ಆ ಹಾಳೆಯನ್ನೂ ತೆಗೆದುಕೊಂಡು ಹೋದಳು. ಆರನೇ ವಾರದಲ್ಲಿ ಫೋನ್ ಮಾಡಿ, 'ಅ' ನುಸುಳುವುದು ನಿಂತಿದೆ, 'ಎಫ್' ತಾನೇ ಬರುತ್ತಿದೆ, ಆದರೆ ಬೇಗ ಬರೆಯುವಾಗ 'ಡ' ಬದಲು 'ಧ' ಇನ್ನೂ ಬೀಳುತ್ತದೆ ಎಂದಳು. ಹಾಳೆಗೆ ಇನ್ನೊಂದು ಸಾಲು ಸೇರಿಸಿಕೊಳ್ಳಲು ಹೇಳಿದೆ: ಗಡಿ, ಧಣಿ, ಕೊಡ, ಧಾರೆ, ಮಡಿಕೆ, ಧೂಳು. ದಿನಾ ಐದು ಸಲ, ನಿಧಾನಕ್ಕೆ.